ಮೇಲೆ ಚಿರೆಕಲ್ಲು, ಕೆಳಗೆ ಶೇಡಿ



ಮಾರ್ಚ್ ತಿಂಗಳ ಒಂದು ಬೆಳಗು. ಉತ್ತರ ಕನ್ನಡದ ಹಿರೇಗುತ್ತಿಯ ಗಜನಿಯ, ಅಂದರೆ ಉಪ್ಪುನೀರು ಬಂದು ಹೋಗುವ ಗದ್ದೆಬಯಲಿನ, ಅಂಚಿನಲ್ಲಿ ನಾವು ನಾಲ್ವರು ಸ್ಟೀಲ್ ಗೂಟ ಬಡಿಯುತ್ತಿದ್ದೆವು. ಅಘನಾಶಿನಿ ನದಿಯಲ್ಲಿ ಇಳಿತದ ಹೊತ್ತು. ಹಳ್ಳಗಳ ನೀರು ಹಿಂದೆ ಸರಿದು ಕೆಸರು ಬಿಸಿಲಿಗೆ ಮಿನುಗುತ್ತಿತ್ತು. ಬಳಚು ಎಂಬ ಚಿಪ್ಪುಜೀವಿ ಆರಿಸಲು ಹೊರಟಿದ್ದ ಅಜ್ಜಿಯೊಬ್ಬರು ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತರು. ಕಿತ್ತಳೆ ಬಣ್ಣದ ವೈರಿನ ಸುರುಳಿ, ಬ್ಯಾಟರಿ, ಮೀಟರಿನ ಪೆಟ್ಟಿಗೆ ಎಲ್ಲವನ್ನೂ ಒಂದೊಂದಾಗಿ ನೋಡಿ ಕೇಳಿದರು: "ತಮಾ, ನೆಲಕ್ಕೆ ಕರೆಂಟು ಬಿಟ್ರೆ ಏಡಿ ಸಾಯೂದಿಲ್ವಾ?"

ಎಷ್ಟು ಸರಿಯಾದ ಪ್ರಶ್ನೆ! ಈ ಅಳಿವೆಯ ಬಳಚು, ಏಡಿ, ಸೀಗಡಿಯಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳಾದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಇಂಥ ಕಡೆ ಯಾರಾದರೂ ಯಂತ್ರ ತಂದು ಇಳಿಸಿದರೆ ಊರಿನವರು ಮೊದಲು ಕೇಳಬೇಕಾದದ್ದೇ ಇದನ್ನು. ಅಜ್ಜಿಯನ್ನು ಪೆಟ್ಟಿಗೆಯ ಹತ್ತಿರ ಕೂರಿಸಿ ತೋರಿಸಿದೆ. ನಾವು ಕಳಿಸುವ ವಿದ್ಯುತ್ತನ್ನು ಅಳೆಯುವುದು ಮಿಲಿ ಆಂಪಿಯರಿನಲ್ಲಿ, ಅದೂ ಕೆಲವೇ ಸೆಕೆಂಡು. ಅಷ್ಟು ಹೊತ್ತು ಗೂಟವನ್ನು ಕೈಯಲ್ಲಿ ಮುಟ್ಟಬಾರದು, ಆ ಎಚ್ಚರ ನಮಗೆ ಬೇಕು. ನಾಲ್ಕು ಹೆಜ್ಜೆ ಆಚೆಗಿರುವ ಏಡಿಗೆ ಏನೂ ತಿಳಿಯುವುದಿಲ್ಲ. ಅಜ್ಜಿ ಪೂರ್ತಿ ಒಪ್ಪಿದರೋ ಇಲ್ಲವೋ, ಆದರೆ ಬಳಚು ಆರಿಸುವುದನ್ನು ಬಿಟ್ಟು ಅರ್ಧ ಗಂಟೆ ನಮ್ಮ ಜೊತೆಗೇ ಕೂತರು.

ಅವರಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳುತ್ತೇನೆ. ಒಂದೇ ಗೆರೆಯಲ್ಲಿ, ಸಮಾನ ಅಂತರದಲ್ಲಿ ನಾಲ್ಕು ಗೂಟ ನೆಡುತ್ತೇವೆ. ಹೊರಗಿನ ಎರಡು ಗೂಟಗಳಿಂದ ನೆಲಕ್ಕೆ ವಿದ್ಯುತ್ ಹರಿಸುತ್ತೇವೆ. ಒಳಗಿನ ಎರಡು ಗೂಟಗಳ ನಡುವೆ ಎಷ್ಟು ವೋಲ್ಟ್ ವ್ಯತ್ಯಾಸ ಬಂತೆಂದು ಅಳೆಯುತ್ತೇವೆ. ನೆಲ ಸುಲಭವಾಗಿ ದಾರಿ ಕೊಟ್ಟರೆ ವ್ಯತ್ಯಾಸ ಕಡಿಮೆ, ತಡೆದರೆ ಜಾಸ್ತಿ. ಗೂಟಗಳನ್ನು ಹತ್ತಿರ ಇಟ್ಟರೆ ಮೇಲ್ಪದರದ ಸುದ್ದಿ ಸಿಗುತ್ತದೆ. ದೂರ ದೂರ ಸರಿಸುತ್ತ ಹೋದಂತೆ ವಿದ್ಯುತ್ತು ಇನ್ನೂ ಆಳದ ಪದರ ಹಾದು ಬರುತ್ತದೆ. ಎರಡು ಮೀಟರ್, ಐದು ಮೀಟರ್, ಹತ್ತು, ಇಪ್ಪತ್ತು ಎಂದು ಹಿಗ್ಗಿಸುತ್ತ ಒಂದೊಂದು ಅಳತೆಯನ್ನೂ ಗ್ರಾಫಿನ ಮೇಲೆ ಗುರುತು ಹಾಕಿದರೆ, ಬಾವಿ ತೋಡದೆಯೇ ಬಾವಿಯ ಗೋಡೆ ಕಂಡಂತೆ ಪದರಗಳು ಕಾಣತೊಡಗುತ್ತವೆ. ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ 1912ರಲ್ಲಿ ನಾರ್ಮಂಡಿಯ ಹೊಲಗಳಲ್ಲಿ ಇದನ್ನು ಮಾಡಿ ನೋಡಿದ. ನಾಲ್ಕು ಗೂಟಗಳ ಸಮಾನ ಅಂತರದ ಲೆಕ್ಕ ಅಮೆರಿಕದ ಫ್ರಾಂಕ್ ವೆನ್ನರನದು. ನೂರು ವರ್ಷ ದಾಟಿದರೂ ಮೂಲ ಉಪಾಯ ಬದಲಾಗಿಲ್ಲ. ಈಗ ನಾಲ್ಕರ ಬದಲು ನಲವತ್ತೆಂಟೋ ಎಪ್ಪತ್ತೆರಡೋ ಗೂಟಗಳನ್ನು ಒಂದೇ ಕೇಬಲಿಗೆ ಸಿಕ್ಕಿಸಿದರೆ ಪೆಟ್ಟಿಗೆ ತಾನೇ ಸರದಿಯಂತೆ ಅಳೆದು, ಆಸ್ಪತ್ರೆಯ ಸ್ಕ್ಯಾನಿನ ಹಾಗೆ ನೆಲದ ಒಂದು ಸೀಳುನೋಟ ಕೊಡುತ್ತದೆ, ಅಷ್ಟೇ.

ಗಜನಿಯ ಅಂಚಿನಲ್ಲಿ ಅಳತೆ ಎಷ್ಟು ಕೆಳಗಿಳಿಯುತ್ತದೆಂದರೆ ಹೊಸಬರು ಮೀಟರ್ ಕೆಟ್ಟಿತೆಂದುಕೊಳ್ಳುತ್ತಾರೆ. ನೆಲದ ವಿದ್ಯುತ್ ತಡೆಯನ್ನು ಓಮ್-ಮೀಟರ್ ಎಂಬ ಮಾನದಲ್ಲಿ ಹೇಳುತ್ತೇವೆ. ಸಮುದ್ರದ ನೀರಿಗೆ ಅದು ಕಾಲು ಓಮ್-ಮೀಟರಿನ ಆಸುಪಾಸು. ಉಪ್ಪುನೀರು ಕುಡಿದ ಕೆಸರಿಗೆ ಒಂದೋ ಎರಡೋ. ಸಿಹಿನೀರು ತುಂಬಿದ ಮರಳಿಗೆ ಹತ್ತಾರು. ಅಲ್ಲಿಂದ ಹೆದ್ದಾರಿ ದಾಟಿ ಗುಡ್ಡ ಹತ್ತಿ ಒಣ ಚಿರೆಕಲ್ಲಿನ ಮೇಲೆ ಗೂಟ ಬಡಿದರೆ ಸಾವಿರದ ಲೆಕ್ಕ ಬರುತ್ತದೆ. ಬೇಸಿಗೆಯಲ್ಲಿ ಆ ಕಲ್ಲು ವಿದ್ಯುತ್ತನ್ನು ಒಳಕ್ಕೇ ಬಿಟ್ಟುಕೊಳ್ಳುವುದಿಲ್ಲ. ಗೂಟದ ಬುಡಕ್ಕೆ ಉಪ್ಪು ಕಲಸಿದ ನೀರು ಸುರಿದು ಸ್ವಲ್ಪ ಕಾಯಬೇಕು. ಒಂದೇ ಊರು, ನಡೆದು ಹೋಗುವಷ್ಟು ದೂರ, ಎರಡು ತುದಿಗಳ ನಡುವೆ ಸಾವಿರ ಪಟ್ಟು ಅಂತರ. ಭಟ್ಕಳದಿಂದ ಹೊನ್ನಾವರ, ಕುಮಟಾ ದಾಟಿ ಅಂಕೋಲಾದವರೆಗೆ ನಮ್ಮ ಕರಾವಳಿಯ ನೆಲ ಹೀಗೆಯೇ ಇದೆ.

ಗಜನಿ ಪಕ್ಕದವರಿಗೆ ಈ ಸಂಖ್ಯೆಗಳು ಯಾಕೆ ಬೇಕು? ಕುಡಿಯುವ ನೀರಿಗೆ. ಬಾವಿಯಲ್ಲಿ ಸಿಹಿನೀರು ಇದೆ, ಬೇಸಿಗೆಗೆ ಸಾಲುತ್ತಿಲ್ಲ, ಬೋರ್ ಹಾಕಿಸೋಣ ಎನ್ನುತ್ತಾರೆ. ಹಾಕಿಸುತ್ತಾರೆ. ಎರಡು ವರ್ಷ ಚೆನ್ನಾಗಿ ಬಂದು ಮೂರನೆಯ ಏಪ್ರಿಲಿನಲ್ಲಿ ಚಹಾ ಉಪ್ಪಾಗುತ್ತದೆ. ಇದರ ಲೆಕ್ಕವನ್ನು ಡಚ್ ಎಂಜಿನಿಯರ್ ಗೈಬೆನ್ ಮತ್ತು ಜರ್ಮನಿಯ ಹೆರ್ಜ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡು ಒಂದು ಶತಮಾನದ ಮೇಲಾಯಿತು. ಸಿಹಿನೀರು ಹಗುರ, ಉಪ್ಪುನೀರು ಭಾರ. ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಬಾವಿಯ ನೀರು ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ, ಸಿಹಿನೀರಿನ ಬುಡ ಸಮುದ್ರಮಟ್ಟದಿಂದ ಸುಮಾರು ನಲವತ್ತು ಮೀಟರ್ ಕೆಳಗೆ ಇರುತ್ತದೆ. ಪಂಪು ಹಾಕಿ ಮೇಲಿನ ಮಟ್ಟವನ್ನು ಅರ್ಧ ಮೀಟರ್ ಇಳಿಸಿದರೆ ಕೆಳಗಿನ ಉಪ್ಪು ಕಾಲಕ್ರಮದಲ್ಲಿ ಇಪ್ಪತ್ತು ಮೀಟರ್ ಮೇಲಕ್ಕೆ ಬರುತ್ತದೆ. ನೀರಿನ ಆಸೆಗೆ ಆಳಕ್ಕೆ ಇಳಿದವರು ಉಪ್ಪಿನ ಕಡೆಗೇ ಇಳಿದಿರುತ್ತಾರೆ. ನಾಲ್ಕು ಗೂಟದ ಪರೀಕ್ಷೆ ಸಿಹಿ-ಉಪ್ಪಿನ ಗಡಿ ಎಲ್ಲಿದೆ ಎಂದು ಅರ್ಧ ದಿನದಲ್ಲಿ ತೋರಿಸಬಲ್ಲದು. ಸಾಲ ಮಾಡಿ ಬೋರ್ ತೆಗೆಸುವ ಮನೆಗೆ ಇದಕ್ಕಿಂತ ಬೆಲೆಬಾಳುವ ಮಾತು ಬೇರೆ ಯಾವುದಿದೆ?

ತೆಂಗಿನಕಾಯಿ ಅಂಗೈಯಲ್ಲಿಟ್ಟು, ಕವಲುಕಡ್ಡಿ ಹಿಡಿದು ನೀರು ನೋಡುವವರು ನಮ್ಮ ಕಡೆ ಇದ್ದಾರೆ. ಕಾಯಿ ಏಳುವುದಕ್ಕೂ ನೀರಿಗೂ ಸಂಬಂಧವಿಲ್ಲ ಎಂದೇ ನನ್ನ ತಿಳಿವಳಿಕೆ. ಆದರೆ ಅವರಲ್ಲಿ ಹಿರಿಯರು ಯಾವ ಮರ ಎಲ್ಲಿ ಹಸಿರಾಗಿದೆ, ಹುತ್ತ ಎಲ್ಲಿ ಎದ್ದಿದೆ, ಗುಡ್ಡದ ನೀರು ಯಾವ ಕಡೆ ಜಾರುತ್ತದೆ ಎಂಬುದನ್ನು ನಲವತ್ತು ವರ್ಷ ನೋಡಿದವರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನೆಲದಡಿಯ ನೀರಿಗೆಂದೇ ಒಂದು ಅಧ್ಯಾಯವಿದೆ, ಅಲ್ಲಿಯೂ ಮರ ಮತ್ತು ಹುತ್ತಗಳೇ ಗುರುತು. ನಾನು ಹೊಸ ಊರಿಗೆ ಹೋದರೆ ಗೂಟ ನೆಡುವ ಮೊದಲು ಅಂಥ ಹಿರಿಯರ ಜೊತೆ ಒಂದು ಸುತ್ತು ನಡೆದು ಬರುತ್ತೇನೆ.

ವಿದ್ಯುತ್ ಪರೀಕ್ಷೆಗೂ ಒಂದು ದೊಡ್ಡ ಕೊರತೆ ಇದೆ. ಜೇಡಿಮಣ್ಣೂ ವಿದ್ಯುತ್ತಿಗೆ ಸುಲಭವಾಗಿ ದಾರಿ ಬಿಡುತ್ತದೆ, ಉಪ್ಪುನೀರಿನ ಮರಳೂ ಬಿಡುತ್ತದೆ. ಮೀಟರಿನಲ್ಲಿ ಎರಡೂ ಒಂದೇ ರೀತಿ ಕಾಣಬಹುದು. ಆಗ ಇನ್ನೊಬ್ಬ ಸಾಕ್ಷಿಯನ್ನು ಕರೆಸಬೇಕಾಗುತ್ತದೆ. ಆ ಸಾಕ್ಷಿಯೇ ಕಂಪನ.

ಒಂದು ಕಬ್ಬಿಣದ ತಟ್ಟೆ, ಒಂದು ಸಮ್ಮಟಿಗೆ, ಗೆರೆಯುದ್ದಕ್ಕೂ ನೆಲಕ್ಕೆ ಚುಚ್ಚಿದ ಇಪ್ಪತ್ತನಾಲ್ಕು ಜಿಯೋಫೋನುಗಳು. ಜಿಯೋಫೋನ್ ಅಂದರೆ ಮುಷ್ಟಿಯಷ್ಟು ದೊಡ್ಡ ಡಬ್ಬಿ, ಒಳಗೆ ಅಯಸ್ಕಾಂತ ಮತ್ತು ಸ್ಪ್ರಿಂಗಿನಿಂದ ತೂಗುವ ತಂತಿಸುರುಳಿ, ಅಡಿಯಲ್ಲಿ ಮೊಳೆ. ನೆಲ ಕೂದಲೆಳೆಯಷ್ಟು ಅಲುಗಿದರೂ ಅದು ಹೇಳುತ್ತದೆ. ಸಮ್ಮಟಿಗೆಯ ಪೆಟ್ಟು ಬಿದ್ದ ಗಳಿಗೆಯಿಂದ ಪ್ರತಿ ಜಿಯೋಫೋನಿಗೆ ಕಂಪನ ಎಷ್ಟು ಹೊತ್ತಿಗೆ ಮುಟ್ಟಿತೆಂದು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ದಾಖಲಾಗುತ್ತದೆ. ಐರ್ಲೆಂಡಿನ ರಾಬರ್ಟ್ ಮ್ಯಾಲೆಟ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಡಬ್ಲಿನ್ ಬಳಿಯ ಕಿಲೈನಿ ಕಡಲತೀರದಲ್ಲಿ ಸಿಡಿಮದ್ದು ಹೂತು ಸಿಡಿಸಿ, ದೂರದಲ್ಲಿ ಬಟ್ಟಲಿನ ಪಾದರಸ ತುಳುಕುವುದನ್ನು ದುರ್ಬೀನಿನಲ್ಲಿ ನೋಡಿ ಮರಳಿನಲ್ಲಿ ಕಂಪನದ ವೇಗ ಅಳೆದಿದ್ದ. ನಮ್ಮ ಡಬ್ಬಿ ಆ ಪಾದರಸದ ಬಟ್ಟಲಿನ ಮೊಮ್ಮಗು.

ಹಿರೇಗುತ್ತಿಯಲ್ಲಿ ಸಮ್ಮಟಿಗೆ ಎತ್ತಿದವನು ಬಹಳ ಹೊತ್ತು ಹಾಗೆಯೇ ನಿಂತಿರಬೇಕಾಗುತ್ತದೆ. ಹೆದ್ದಾರಿ 66ರಲ್ಲಿ ಹದಿನಾರು ಗಾಲಿಯ ಲಾರಿ ಹೋಗುತ್ತಿದ್ದರೆ ನೆಲವಿಡೀ ಅದರದೇ ಗುನುಗು. ಅದು ಮಿರ್ಜಾನ್ ಕಡೆಗೆ ದಾಟಲಿ ಎಂದು ಕಾದರೆ ಅಷ್ಟರಲ್ಲಿ ಕೊಂಕಣ ರೈಲಿನ ಗೂಡ್ಸ್ ಬರುತ್ತದೆ. ಎಲ್ಲ ಸುಮ್ಮನಾಯಿತು ಎನ್ನುವಾಗ ಪಕ್ಕದ ತೋಟದಲ್ಲಿ ತೆಂಗಿನಕಾಯಿ ಧೊಪ್ಪೆಂದು ಬಿದ್ದು ಇಪ್ಪತ್ತನಾಲ್ಕೂ ಗೆರೆಗಳು ಒಟ್ಟಿಗೆ ಕುಣಿಯುತ್ತವೆ. ಒಂದೇ ಜಾಗದಲ್ಲಿ ಎಂಟು ಹತ್ತು ಸಲ ಬಡಿದು ಎಲ್ಲವನ್ನೂ ಕೂಡಿಸುತ್ತೇವೆ. ಆಗ ಗದ್ದಲ ತನ್ನಷ್ಟಕ್ಕೆ ಕರಗಿ ಪೆಟ್ಟಿನ ದನಿ ಮಾತ್ರ ಉಳಿಯುತ್ತದೆ.

ಕಂಪನದಿಂದ ಆಳ ತಿಳಿಯುವುದು ಹೇಗೆಂದರೆ, ಗಜನಿಯ ಕಟ್ಟೆಯ ಮೇಲಿನಿಂದ ನೀವು ಕುಮಟಾಕ್ಕೆ ಹೋಗಬೇಕೆಂದುಕೊಳ್ಳಿ. ಹತ್ತಿರದ ಮನೆಗಾದರೆ ಕಟ್ಟೆಯ ಮೇಲೆ ನೆಟ್ಟಗೆ ನಡೆದವರೇ ಮೊದಲು ಮುಟ್ಟುತ್ತಾರೆ. ಕುಮಟಾದಷ್ಟು ದೂರವಾದರೆ ಸುತ್ತಾದರೂ ಹೆದ್ದಾರಿಗೆ ಹೋಗಿ ಬಸ್ಸು ಹಿಡಿದವರು ಮೊದಲು ಮುಟ್ಟುತ್ತಾರೆ. ಕಂಪನವೂ ಹಾಗೆಯೇ. ಹತ್ತಿರದ ಜಿಯೋಫೋನಿಗೆ ಅದು ಮೇಲ್ಮಣ್ಣಿನಲ್ಲಿ ಸೆಕೆಂಡಿಗೆ ಮುನ್ನೂರು ಮೀಟರಿನಂತೆ ನಡೆದು ಬರುತ್ತದೆ. ದೂರದ ಜಿಯೋಫೋನಿಗೆ, ಆಳದ ಬಂಡೆಗೆ ಇಳಿದು ಅಲ್ಲಿ ಸೆಕೆಂಡಿಗೆ ಐದು ಸಾವಿರ ಮೀಟರಿನಂತೆ ಓಡಿ ಮತ್ತೆ ಮೇಲೆ ಬಂದ ಕಂಪನವೇ ಮೊದಲು ತಲುಪುತ್ತದೆ. ನಡಿಗೆಯವರನ್ನು ಬಸ್ಸಿನವರು ಹಿಂದೆ ಹಾಕಿದ ಜಾಗ ಎಲ್ಲಿದೆ ಎಂಬುದು ಗೊತ್ತಾದರೆ ಬಂಡೆಯ ಆಳ ಗೊತ್ತಾದಂತೆ. ಇದೇ ಉಪಾಯವನ್ನು ದೊಡ್ಡದಾಗಿ ಬಳಸಿ, ಎಪ್ಪತ್ತರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಸೋವಿಯತ್ ವಿಜ್ಞಾನಿಗಳ ಜೊತೆ ಸೇರಿ ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ ಸುಮಾರು 600 ಕಿಲೋಮೀಟರ್ ಉದ್ದಕ್ಕೆ ದಕ್ಷಿಣ ಭಾರತವನ್ನು ಅಡ್ಡಲಾಗಿ ಓದಿದರು. ಭೂಮಿಯ ಹೊರಚಿಪ್ಪು ಇಲ್ಲಿ ಮೂವತ್ತೈದು ನಲವತ್ತು ಕಿಲೋಮೀಟರ್ ದಪ್ಪ ಎಂದು ತಿಳಿದದ್ದು ಆಗ. ಅವರಿಗೆ ಸಮ್ಮಟಿಗೆ ಸಾಲಲಿಲ್ಲ, ಕೊರೆದ ಗುಂಡಿಗಳಲ್ಲಿ ಸಿಡಿಮದ್ದು ಇಟ್ಟರು.

ಇನ್ನು ನಾನು ಈ ಭಾಷಣಕ್ಕೆ ಒಪ್ಪಿಕೊಂಡ ಮುಖ್ಯ ಕಾರಣಕ್ಕೆ ಬರುತ್ತೇನೆ.

ಬಹಳ ವರ್ಷಗಳ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇದೇ ಜಿಲ್ಲೆಯ ಒಂದು ಗುಡ್ಡದ ಮೇಲೆ ಕಟ್ಟಡದ ಪಾಯಕ್ಕಾಗಿ ನಾನು ಸಮ್ಮಟಿಗೆ ಪರೀಕ್ಷೆಯೊಂದನ್ನೇ ಮಾಡಿದೆ. ಸಮಯ ಕಡಿಮೆ ಇತ್ತು, ವಿದ್ಯುತ್ ಪರೀಕ್ಷೆ ಬೇಡ ಎಂದರು, ನಾನೂ ಒಪ್ಪಿದೆ. ಗೆರೆ ಚೆನ್ನಾಗಿ ಬಂತು. ಮೇಲೆ ತೆಳುವಾದ ಮಣ್ಣು, ಕೆಳಗೆ ಗಟ್ಟಿ ಚಿರೆಕಲ್ಲು, ಅದರ ಕೆಳಗೆ ಬಂಡೆ ಎಂದು ಬರೆದುಕೊಟ್ಟೆ. ಪಾಯ ತೋಡಿದಾಗ ಚಿರೆಕಲ್ಲು ಮೂರು ಮೀಟರಿಗೆ ಮುಗಿಯಿತು. ಅದರಡಿಯಲ್ಲಿ ಹಾರೆ ಇಟ್ಟರೆ ಬೆಣ್ಣೆಯಂತೆ ಇಳಿಯುವ ಮಣ್ಣು. ನನ್ನ ವರದಿಯಲ್ಲಿ ಆ ಪದರವೇ ಇರಲಿಲ್ಲ. ಆ ದಿನದ ನಾಚಿಕೆ ನನಗೆ ಇನ್ನೂ ಇದೆ.

ತಪ್ಪು ಎಲ್ಲಾಯಿತು? ಬಸ್ಸಿನ ಉಪಮೆಗೇ ಮರಳೋಣ. ಕೆಳಗೆ ಹೋದಂತೆ ನೆಲ ಗಟ್ಟಿಯಾಗುತ್ತ ಹೋಗುತ್ತದೆ, ಕೆಳಗಿನ ದಾರಿ ಯಾವಾಗಲೂ ವೇಗದ ದಾರಿ ಎಂದು ಆ ವಿಧಾನ ನಂಬಿ ನಡೆಯುತ್ತದೆ. ಬಯಲುಸೀಮೆಯಲ್ಲಿ ಬಹುಪಾಲು ಅದು ನಿಜ. ನಮ್ಮ ಕರಾವಳಿಯ ಗುಡ್ಡಗಳಲ್ಲಿ ನೆಲ ತಲೆಕೆಳಗಾಗಿದೆ. ಮೇಲೆ ಗಟ್ಟಿ ಚಿರೆಕಲ್ಲು, ನಡುವೆ ಮೆತ್ತಗಿನ ಶೇಡಿ, ಆಮೇಲೆ ಬಂಡೆ. ಗಟ್ಟಿ ಪದರದ ಅಡಿಯ ಮೆತ್ತಗಿನ ಪದರಕ್ಕೆ ಇಳಿದ ಕಂಪನ ನಿಧಾನವಾಗುತ್ತದೆ, ಮೇಲಿನವರನ್ನು ಹಿಂದೆ ಹಾಕಿ ಮೊದಲು ಬರಲಾರದು. ಮೊದಲು ಬಂದವರನ್ನು ಮಾತ್ರ ಎಣಿಸುವ ನಮಗೆ ಅದು ಇದ್ದದ್ದೇ ತಿಳಿಯುವುದಿಲ್ಲ.

ಈ ತಲೆಕೆಳಗಾದ ನೆಲವನ್ನು ಮಾಡಿದ್ದು ಮಳೆ. ಲಕ್ಷಾಂತರ ವರ್ಷ ಬಂಡೆಯ ಮೇಲೆ ಸುರಿದ ಮಳೆ ಕರಗುವ ವಸ್ತುಗಳನ್ನೆಲ್ಲ ತೊಳೆದು ಕಬ್ಬಿಣ, ಅಲ್ಯುಮಿನಿಯಂ ಅಂಶಗಳನ್ನು ಮೇಲೆ ಉಳಿಸಿತು. ಅವು ಗಾಳಿಗೆ ಬಿಸಿಲಿಗೆ ಗಟ್ಟಿಯಾಗಿ ಚಿರೆಕಲ್ಲಾದವು. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ನಮ್ಮ ಜಿಲ್ಲೆಯನ್ನೂ ಹಾದುಹೋದವನು. ಕೇರಳದ ಅಂಗಾಡಿಪುರದಲ್ಲಿ ಕಂಡ ಇದೇ ಕಲ್ಲನ್ನು ವರ್ಣಿಸಿ, ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದ ಲ್ಯಾಟರೈಟ್ ಎಂದು ಕರೆದ. ಅದರ ಕೆಳಗೆ, ಇನ್ನೂ ಕಲ್ಲಾಗದೆ ಉಳಿದ, ಬಿಳಿ ಹಳದಿ ನಸುಗೆಂಪು ಮಚ್ಚೆಗಳ ನುಣ್ಣನೆಯ ಮಣ್ಣು ಶೇಡಿ. ನಮ್ಮ ತಾಯಂದಿರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಹಸೆ ಬರೆಯಲು ತರುತ್ತಿದ್ದ ಬಿಳಿ ಮಣ್ಣಿನ ಹೆಸರೂ ಇದೇ.

ಶೇಡಿಯ ಗುಣವನ್ನು ನೀವು ಮನೆಯಲ್ಲೇ ನೋಡಬಹುದು. ರಸ್ತೆಗೆಂದು ಕಡಿದ ಗುಡ್ಡದ ಮೈಯಿಂದ ಒಣಗಿದ ಒಂದು ಹೆಂಟೆ ತನ್ನಿ. ಕೈಯಲ್ಲಿ ಹಿಚುಕಿದರೆ ಪುಡಿಯಾಗುವುದಿಲ್ಲ, ಕಲ್ಲಿನ ಹಾಗೆ ಇರುತ್ತದೆ. ಗಾಜಿನ ಲೋಟದ ನೀರಿಗೆ ಮೆಲ್ಲಗೆ ಇಳಿಸಿ. ಮೊದಲು ಗುಳ್ಳೆ ಏಳುತ್ತವೆ. ಅಂಚುಗಳು ಉದುರುತ್ತವೆ. ಹೆಂಟೆ ನಡುವೆ ಬಿರುಕು ಬಿಟ್ಟು, ಯಾರೂ ಮುಟ್ಟದೆ, ತಳದಲ್ಲಿ ರಾಶಿಯಾಗಿ ಕೂರುತ್ತದೆ. ಹಿರೇಗುತ್ತಿಯ ಶಾಲೆಯ ಮಕ್ಕಳ ಮುಂದೆ ಇದನ್ನು ಮಾಡಿದಾಗ ಒಬ್ಬ ಹುಡುಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದಳು: "ಸರ್, ನಮ್ಮ ಮನೆ ಹಿಂದಿನ ಧರೆನೂ ಇದೇ ಬಣ್ಣ ಇದೆ."

ಧರೆ ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ. ಆ ಮಾತಿಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. 2024ರ ಜುಲೈ 16 ನನ್ನ ಮನಸ್ಸಿನಲ್ಲಿತ್ತು. ಹಿರೇಗುತ್ತಿಯಿಂದ ಇದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಅಂಕೋಲಾ ತಾಲ್ಲೂಕಿನ ಶಿರೂರು. ಅಂದು ಬೆಳಿಗ್ಗೆ, ದಿನಗಟ್ಟಲೆ ಸುರಿದ ಮಳೆಯ ನಡುವೆ, ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ರಸ್ತೆಯನ್ನೂ ರಸ್ತೆ ಬದಿಯ ಚಹಾ ಅಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಹನ್ನೊಂದು ಜನ ಹೋದರು. ನದಿಯ ತಳದಲ್ಲಿದ್ದ ಲಾರಿ ಮತ್ತು ಅದರ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಎಪ್ಪತ್ತೊಂದು ದಿನಗಳ ಮೇಲೆ. ಹುಡುಕಲು ರೇಡಾರ್ ತಂದರು, ಸೋನಾರ್ ತಂದರು, ಡ್ರೋನ್ ಹಾರಿಸಿದರು. ನೀರು ಕುಡಿದ ಜೇಡಿಯಲ್ಲಿ ರೇಡಾರಿನ ಅಲೆ ಒಂದೆರಡು ಮೀಟರಿಗೇ ಸತ್ತುಹೋಗುತ್ತದೆ ಎಂಬುದು ಈ ಕೆಲಸ ಬಲ್ಲವರಿಗೆಲ್ಲ ಗೊತ್ತು. ಆದರೂ ನದಿಯ ದಡದಲ್ಲಿ ಕಾಯುತ್ತಿದ್ದ ಮನೆಯವರ ಜೊತೆ ಇಡೀ ನಾಡು ಆ ಪರದೆಗಳ ಮೇಲೆ ಕಣ್ಣಿಟ್ಟು ಕೂತಿತ್ತು. ನೆಲದೊಳಗೆ ನೋಡುವ ಉಪಕರಣಗಳು ಗುಡ್ಡ ಬಿದ್ದ ಮೇಲೆ ಬಂದವು. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ ಮನೆಗಳ ಮೇಲೆ ಗುಡ್ಡ ಬಂದಾಗಲೂ ನಾವು ಮಾತಾಡಿದ್ದು ಆಮೇಲೆಯೇ.

ಗುಡ್ಡದ ಬುಡ ಕಡಿದರೆ ಶೇಡಿಯ ಮೈ ಹೊರಗೆ ಬೀಳುತ್ತದೆ. ಮೇಲಿನ ಚಿರೆಕಲ್ಲಿನಲ್ಲಿ ತೂತುಗಳಿವೆ, ಮಳೆ ನೀರು ಸಲೀಸಾಗಿ ಇಳಿಯುತ್ತದೆ. ಶೇಡಿಗೆ ಬಂದ ಕೂಡಲೇ ಅದಕ್ಕೆ ದಾರಿ ಸಿಗುವುದಿಲ್ಲ. ಅಲ್ಲೇ ತುಂಬಿಕೊಳ್ಳುತ್ತದೆ, ಎಲ್ಲಿ ಸಡಿಲವೋ ಅಲ್ಲಿ ಮಣ್ಣು ಕೊರೆದು ಒಳಗೊಳಗೇ ಬಿಲ ಮಾಡುತ್ತದೆ. ಮೇಲೆ ನಿಂತು ನೋಡಿದವರಿಗೆ ಕಾಣುವುದು ಗಟ್ಟಿ ಕಲ್ಲು, ಹಸಿರು ಹುಲ್ಲು. ಈ ಸೀಮೆಯಲ್ಲಿ ಹೊರಗಿನ ನೋಟವನ್ನು ನಂಬಿ ಗುಡ್ಡಕ್ಕೆ ಜೆಸಿಬಿ ಹಚ್ಚುವುದು ಸರಿಯಲ್ಲ ಎಂದು ನಾನು ಇಷ್ಟು ಖಂಡಿತವಾಗಿ ಹೇಳುವುದು ಅದಕ್ಕೇ.

ಒಳಗಿನದನ್ನು ನೋಡುವ ದಾರಿ ಇದೆ, ಅದು ದುಬಾರಿಯೂ ಅಲ್ಲ. ಸಮ್ಮಟಿಗೆಗೆ ಕಾಣದ ಶೇಡಿ ವಿದ್ಯುತ್ತಿಗೆ ಸ್ಪಷ್ಟವಾಗಿ ಕಾಣುತ್ತದೆ. ಚಿರೆಕಲ್ಲಿನಲ್ಲಿ ಸಾವಿರವಿದ್ದ ತಡೆ ಶೇಡಿಯಲ್ಲಿ ಒಮ್ಮೆಲೇ ಬಿದ್ದು, ಬಂಡೆ ಬಂದಾಗ ಮತ್ತೆ ಏರುತ್ತದೆ. ಗ್ರಾಫಿನಲ್ಲಿ ಅದು ಹೊಂಡದ ಹಾಗೆ ಕಾಣುತ್ತದೆ. ಕಂಪನದಲ್ಲೂ ಹೊಸ ವಿಧಾನ ಬಂದಿದೆ. ಮೊದಲು ಬಂದವರನ್ನು ಬಿಟ್ಟು, ನೆಲದ ಮೈಯುದ್ದಕ್ಕೂ ಉರುಳಿಕೊಂಡು ನಿಧಾನವಾಗಿ ಬರುವ ಅಲೆಗಳನ್ನು ಓದುವುದು. ಆ ಅಲೆಗಳಲ್ಲಿ ಗಿಡ್ಡವು ಮೇಲ್ಪದರವನ್ನು, ಉದ್ದವು ಆಳದ ಪದರವನ್ನು ಮುಟ್ಟಿ ಬರುತ್ತವೆ. ಗಟ್ಟಿಯ ಕೆಳಗಿನ ಮೆತ್ತಗಿನದನ್ನೂ ಇವು ಬಚ್ಚಿಡುವುದಿಲ್ಲ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಐವತ್ತಕ್ಕೂ ಹೆಚ್ಚು ಕಡೆ ಇದೇ ರೀತಿ ಅಳೆದು, ಭೂಕಂಪವಾದರೆ ನಗರದ ಯಾವ ನೆಲ ಹೇಗೆ ಅಲುಗೀತೆಂಬ ನಕ್ಷೆ ಮಾಡಿದ್ದಾರೆ. ಕೆರೆ ಹೂತು ಬಡಾವಣೆ ಮಾಡಿದ ಊರಿಗೆ ಅದು ಬೇಕಾಗಿತ್ತು. ಧರೆ ಕಡಿದು ಮನೆ ಕಟ್ಟುವ ನಮಗೂ ಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದೆರಡು ಕಡೆ ಕೊಳವೆ ಕೊರೆದು ಮಣ್ಣನ್ನು ಕೈಯಲ್ಲಿ ಹಿಡಿದು ನೋಡಲೇಬೇಕು. ಯಾವ ಸಂಖ್ಯೆ ಯಾವ ಮಣ್ಣಿನದು ಎಂಬುದಕ್ಕೆ ಅದೇ ಕೊನೆಯ ಸಾಕ್ಷಿ. ಆದರೆ ಇಪ್ಪತ್ತು ಕಡೆ ಕೊರೆಯುವ ಬದಲು ಎಲ್ಲಿ ಕೊರೆಯಬೇಕೆಂದು ತಿಳಿದು ಮೂರು ಕಡೆ ಕೊರೆದರೆ ಸಾಕಾಗಬಹುದು. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯ ಕಾಡಿನಲ್ಲಿ, 2000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ನೆಲ ಪರೀಕ್ಷಿಸಲು ಕೊಳವೆ ಕೊರೆಯಬೇಕೇ ಬೇಡವೇ ಎಂಬುದೇ ದೊಡ್ಡ ಜಗಳವಾಯಿತು. ಸಿಂಗಳೀಕಗಳ ಕಾಡಿಗೆ ಕೊರೆಯುವ ಯಂತ್ರ ಸಾಗಿಸಲು ದಾರಿ ಬೇಕು. ಗೂಟ, ಕೇಬಲ್ಲು, ಸಮ್ಮಟಿಗೆಯನ್ನಾದರೆ ಹೆಗಲ ಮೇಲೆ ಹೊತ್ತು ಕಾಲುದಾರಿಯಲ್ಲಿ ಹೋಗಬಹುದು. ಯೋಜನೆಯ ಒಳಿತು ಕೆಡುಕು ಬೇರೆಯ ಚರ್ಚೆ.

ಹಿರೇಗುತ್ತಿಗೆ ಮತ್ತೆ ಬರುತ್ತೇನೆ. ಲೋಟ ಹಿಡಿದಿದ್ದ ಆ ಹುಡುಗಿಯ ಮನೆಯ ಹಿಂದಿನ ಧರೆಯನ್ನು ಹೋಗಿ ನೋಡಿದೆವು. ಮೇಲೆ ಗೇರುಮರ, ಅದರಡಿ ಎರಡು ಆಳು ಎತ್ತರದ ಚಿರೆಕಲ್ಲು, ಕೆಳಗೆ ಮಚ್ಚೆಮಚ್ಚೆಯ ಶೇಡಿ. ಮನೆಯವರು ಹಿತ್ತಿಲು ಅಗಲ ಮಾಡಲು ಬುಡದಲ್ಲಿ ಸ್ವಲ್ಪ ಕಡಿದಿದ್ದರು. ಧರೆಯ ಮೇಲಿನಿಂದ ಗದ್ದೆಯವರೆಗೆ ಒಂದು ಗೆರೆ ಹಾಕಿ ಮಾರ್ಚಿನ ಅಳತೆ ತೆಗೆದುಕೊಂಡೆವು. ಇದು ಅರ್ಧ ಕೆಲಸ. ಒಣನೆಲದ ಚಿತ್ರ ನಮ್ಮಲ್ಲಿದೆ. ಅದೇ ಗೆರೆಯ ಮೇಲೆ ಮಳೆಗಾಲದಲ್ಲಿ ಮತ್ತೆ ಅಳೆದರೆ, ಎಲ್ಲೆಲ್ಲಿ ತಡೆ ಬಿದ್ದಿದೆಯೋ ಅಲ್ಲಲ್ಲಿ ನೀರು ನಿಂತಿದೆ ಎಂದರ್ಥ. ಎರಡು ಚಿತ್ರ ಪಕ್ಕಪಕ್ಕ ಇಟ್ಟಾಗ ನೀರು ಗುಡ್ಡದೊಳಗೆ ಯಾವ ದಾರಿ ಹಿಡಿದಿದೆ, ಅದನ್ನು ಎಲ್ಲಿಂದ ಆಚೆ ತಿರುಗಿಸಬೇಕು, ಮೇಲಿನ ಕಾಲುವೆ ಎಲ್ಲಿ ಬರಬೇಕು ಎಂದು ಮನೆಯವರಿಗೆ ಕೈತೋರಿಸಿ ಹೇಳಬಹುದು. ಅಲ್ಲಿಯವರೆಗೆ ಬುಡ ಕಡಿಯಬೇಡಿ, ಜೋರು ಮಳೆಯ ರಾತ್ರಿ ಹಿಂದಿನ ಕೋಣೆಯಲ್ಲಿ ಮಲಗಬೇಡಿ ಎಂದು ಹೇಳಿ ಬಂದಿದ್ದೇವೆ.

ಗೂಟ ಕಿತ್ತ ಜಾಗಗಳಲ್ಲಿ ಸುಣ್ಣದ ಗುರುತು ಹಾಕಿದ್ದೆವು. ಮೊದಲ ಮಳೆಗೆ ಅದು ತೊಳೆದುಹೋಗುತ್ತದಲ್ಲ ಎಂದು ಹುಡುಗಿ ಹೇಳಿದಳು. ಅವಳೇ ಅಣ್ಣನ ಜೊತೆ ಸೇರಿ ಪ್ರತಿ ಗುರುತಿನ ಮೇಲೂ ಒಂದೊಂದು ಚಿರೆಕಲ್ಲಿನ ತುಂಡು ಊರಿದಳು, ಒಟ್ಟು ನಲವತ್ತೆಂಟು. ಜುಲೈಯಲ್ಲಿ ಆ ಕಲ್ಲುಗಳನ್ನು ಹುಡುಕಿಕೊಂಡು ಹೋಗಬೇಕು.